ಕೊಳವೆ ತುದೀಲಿ ಮಣ್ಣು ಬಂತಾ?

ನಾನು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಸ್ನೋ ಸೆನ್ಸರ್ ನೋಡ್ಕೊಳ್ಳೋ ಕೆಲಸದಲ್ಲಿದೀನಿ, ಚಳಿಗಾಲದಲ್ಲಿ ಸರ್ವೆ ಟೀಮ್ ಜೊತೆ ಕೈಯಾರೆ ಹಿಮ ಅಳೆಯೋಕೂ ಹೋಗ್ತೀನಿ. ಊರಿಂದ ಫೋನ್ ಮಾಡಿದೋರೆಲ್ಲ "ಎಷ್ಟು ಅಡಿ ಬಿತ್ತಪ್ಪಾ" ಅಂತಾನೇ ಕೇಳೋದು, ಆದ್ರೆ ಡ್ಯಾಮ್ ನಡೆಸೋರಿಗೆ ಬೇಕಾಗಿರೋದು ಅಷ್ಟೂ ಕರಗಿದ್ರೆ ಎಷ್ಟು ಇಂಚು ನೀರು ಅನ್ನೋದು. ಹೊಸದಾಗಿ ಬಿದ್ದ ಒಣ ಹಿಮ ಹತ್ತು ಇಂಚಿದ್ರೆ ಸುಮಾರು ಒಂದು ಇಂಚು ನೀರು, ಏಪ್ರಿಲ್ ಹೊತ್ತಿಗೆ ಕುಸಿದು ಗಟ್ಟಿಯಾದ ಹಿಮ ಅಷ್ಟೇ ಎತ್ತರ ಇದ್ರೂ ನಾಲ್ಕು ಇಂಚು ಬರತ್ತೆ. ತೂಕ ಹಾಕ್ದೆ ಗೊತ್ತಾಗಲ್ಲ.

ತೂಗೋಕೆ ಇರೋದು ಫೆಡರಲ್ ಸ್ಯಾಂಪ್ಲರ್ ಅನ್ನೋ ಅಲ್ಯೂಮಿನಿಯಂ ಕೊಳವೆ, ತುದೀಲಿ ಹಲ್ಲಿರೋ ಕಟರ್. ಇದರ ಮೂಲ, ಜೇಮ್ಸ್ ಚರ್ಚ್ ನೂರಕ್ಕೂ ಹೆಚ್ಚು ವರ್ಷದ ಹಿಂದೆ ನೆವಾಡಾ ರಾಜ್ಯದ ಮೌಂಟ್ ರೋಸ್‌ನಲ್ಲಿ ಬಳಸಿದ ಕೊಳವೆ, ಆಸಾಮಿ ಲ್ಯಾಟಿನ್ ಮೇಷ್ಟ್ರು ಅಂದ್ರೆ ನಂಬ್ತೀರಾ! ಕಟರ್ ಒಳಗಿನ ಅಗಲ 1.485 ಇಂಚು, ಯಾಕಂದ್ರೆ ಆ ಅಳತೆಗೆ ಒಂದು ಔನ್ಸ್ ತೂಕ ಅಂದ್ರೆ ಸರಿಯಾಗಿ ಒಂದು ಇಂಚು ನೀರು. ಹಿಮದೊಳಗೆ ನೆಲದವರೆಗೂ ಚುಚ್ಚಿ ಹೊರಗೆ ತೆಗೆದು, ಹಳೇ ಪೇಪರ್ ಅಂಗಡಿಯವನ ಥರ ಸ್ಪ್ರಿಂಗ್ ತಕ್ಕಡಿಗೆ ನೇತಾಕಿ ಖಾಲಿ ಕೊಳವೆ ತೂಕ ಕಳೆದ್ರೆ ಆಯ್ತು, ಕ್ಯಾಲ್ಕುಲೇಟರೇ ಬೇಡ.

ಹೊಸಬರು ಸೀದಾ ತಕ್ಕಡಿ ನೋಡ್ತಾರೆ. ನಾನು ಹೇಳೋದು ಮೊದಲು ತುದಿ ನೋಡಿ ಅಂತ. ಮಣ್ಣೋ ಒಣಹುಲ್ಲೋ ಸಿಕ್ಕೊಂಡಿದ್ರೆ ಕೊಳವೆ ನೆಲ ಮುಟ್ಟಿದೆ ಅಂತ ಸಾಕ್ಷಿ, ಇಲ್ಲಾಂದ್ರೆ ಮಧ್ಯದಲ್ಲೇ ಯಾವುದೋ ಐಸ್ ಪದರಕ್ಕೆ ತಾಗಿ ನಿಂತಿರಬಹುದು, ಅಥವಾ ತಳದ ಹಿಮ ಉದುರಿ ಹೋಗಿರಬಹುದು. ಮಣ್ಣನ್ನ ಚಾಕುವಲ್ಲಿ ಕೆರೆದು ತೆಗೆದು, ಅದರ ಉದ್ದ ಆಳದಲ್ಲಿ ಕಳೆದು, ಆಮೇಲೆ ತೂಕ. ಕೊಳವೆ ಪಕ್ಕದ ಸೀಳಲ್ಲಿ ಇಣುಕಿದ್ರೆ ಒಳಗಿನ ಹಿಮದ ಉದ್ದ ಕಾಣತ್ತೆ, ಆಳಕ್ಕಿಂತ ತೀರಾ ಕಮ್ಮಿ ಇದ್ರೆ ಚೆಲ್ಲಿ ಇನ್ನೊಂದು ತೆಗೀರಿ. ಇನ್ನೊಂದು, ಗಾಡಿಯಿಂದ ಇಳಿಸಿದ ಬೆಚ್ಚಗಿನ ಕೊಳವೆನ ತಕ್ಷಣ ಚುಚ್ಚಬೇಡಿ, ಒಳಗೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಅಂಟ್ಕೊಳತ್ತೆ, ಆಮೇಲೆ ಎಷ್ಟು ತಟ್ಟಿದ್ರೂ ಬರಲ್ಲ.

ಈಗ ಸ್ನೋ ಪಿಲ್ಲೋ. ನೆಲದ ಮೇಲೆ ಆಂಟಿಫ್ರೀಜ್ ತುಂಬಿದ ಚಪ್ಪಟೆ ದಿಂಬು, ಮೇಲೆ ಹಿಮ ಕೂತಷ್ಟು ಒಳಗಿನ ಒತ್ತಡ ಏರತ್ತೆ, ಅದನ್ನ ಸೆನ್ಸರ್ ಓದಿ ಆಫೀಸಿಗೆ ಕಳ್ಸತ್ತೆ. ಅನುಕೂಲ ಹೌದು, ಆದ್ರೆ ಇದರಲ್ಲಿ ಮಣ್ಣು ನೋಡೋ ಹಾಗಿಲ್ಲ. ಹಿಮದೊಳಗೆ ಗಟ್ಟಿ ಐಸ್ ಪದರ ಆದ್ರೆ ಅದು ದಿಂಬಿನ ಆಚೆ ಈಚೆ ಹಿಮಕ್ಕೆ ಆತ್ಕೊಂಡು ಸೇತುವೆ ಆಗಿಬಿಡತ್ತೆ, ಮೇಲೆ ಬಿದ್ದಿದ್ದರ ಪೂರ್ತಿ ತೂಕ ಕೆಳಗೆ ಬರೋದೇ ಇಲ್ಲ. ಗ್ರಾಫ್ ಚಪ್ಪಟೆ. ಆಮೇಲೆ ಒಂದಿನ ಬಿಸಿಲಿಗೆ ಆ ಪದರ ಮೆತ್ತಗಾಗಿ ಕೂತಾಗ, ಆಕಾಶ ಸ್ವಚ್ಛ ಇದ್ದರೂ ನೀರು ದಿಢೀರ್ ಏರಿದ ಹಾಗೆ ತೋರಿಸತ್ತೆ.

ಆಫೀಸಲ್ಲಿ ಕೂತೋರಿಗೆ ಆ ಜಿಗಿತ ನೋಡಿದ ಕೂಡ್ಲೇ ಸೆನ್ಸರ್ ಕೆಟ್ಟಿದೆ ಅಂತ ಅಳಿಸೋ ಆಸೆ. ಸ್ವಲ್ಪ ತಡೀರಿ, ಆಳದ ಸೆನ್ಸರ್ ನೋಡಿ, ಅಕ್ಕಪಕ್ಕದ ಸ್ಟೇಷನ್ ನೋಡಿ, ಸಾಧ್ಯ ಆದ್ರೆ ಕೊಳವೆ ಹಾಕಿಸಿ. ಎಷ್ಟೋ ಸಲ ಜಿಗಿದ ಮೇಲಿನ ಅಂಕಿ ಸರಿಯಾಗೇ ಇರತ್ತೆ, ತಿದ್ದಬೇಕಾಗಿರೋದು ಅದಕ್ಕೂ ಹಿಂದೆ ಯಾರೂ ತಕರಾರು ಮಾಡದೆ ಒಪ್ಕೊಂಡಿದ್ದ ಆ ಚಪ್ಪಟೆ ಗೆರೆನ.