ತಿಮಿಂಗಿಲದ ದವಡೆ ಮತ್ತು ಹಲ್ಲಿನ ಡಾಕ್ಟರು

ಅರ್ಜೆಂಟೀನಾದ ಉಶುವಾಯಾದಿಂದ ಹೊರಟ ನಮ್ಮ ಹಡಗು ಆ ದಿನ ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದ ಅಂಚಿನಲ್ಲಿತ್ತು. ಗಾಳಿ ಜೋರಾಗಿ ದೋಣಿ ಇಳಿಸುವುದು ರದ್ದಾಯಿತು. ದೂರದಲ್ಲಿ ಸೀಮೋರ್ ದ್ವೀಪ ಕಾಣುತ್ತಿತ್ತು. ಸುತ್ತಲೂ ಬಿಳಿ, ಇದೊಂದು ಮಾತ್ರ ಬೋಳು ಬೋಳು, ಮಣ್ಣಿನ ಬಣ್ಣ.

ಹಡಗಿನಲ್ಲಿದ್ದ ಭೂವಿಜ್ಞಾನಿ ನಮ್ಮನ್ನೆಲ್ಲ ಕೂರಿಸಿಕೊಂಡು ಆ ದ್ವೀಪದ ಕಥೆ ತೆಗೆದರು. 1892ರಲ್ಲಿ ಅಲ್ಲಿ ಪಳೆಯುಳಿಕೆ ಹೆಕ್ಕಿದವನು ನಾರ್ವೆಯ ಕ್ಯಾಪ್ಟನ್ ಕಾರ್ಲ್ ಆಂಟನ್ ಲಾರ್ಸೆನ್. ತಿಮಿಂಗಿಲ ಬೇಟೆಗೆ ಜಾಗ ಹುಡುಕುತ್ತಾ ಬಂದವನು. ಮುಂದೆ 1904ರಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್ವಿಕೆನ್‌ನಲ್ಲಿ ತಿಮಿಂಗಿಲ ಬೇಟೆಯ ಕೇಂದ್ರ ಕಟ್ಟಿದವನೂ ಇವನೇ. ಅವನಿಗೆ ಸಿಕ್ಕಿದ್ದು ಚಿಪ್ಪು, ಕಲ್ಲಾದ ಮರ. ಅದೇ ದ್ವೀಪದ ಕಲ್ಲಿನೊಳಗೆ ಕೋಟಿಗಟ್ಟಲೆ ವರ್ಷ ಹಳೆಯ ತಿಮಿಂಗಿಲಗಳೂ ಇವೆ ಅಂತ ಅವನಿಗೇನು ಗೊತ್ತು!

ಆಮೇಲೆ ಪರದೆ ಮೇಲೆ ಆ ಕಲ್ಲಿನಲ್ಲೇ ಸಿಕ್ಕ ಲಾನೋಸೀಟಸ್ ಅನ್ನುವ ಹಳೆಯ ತಿಮಿಂಗಿಲದ ದವಡೆ ಬಂತು. ನಾನು ಕುರ್ಚಿಯ ತುದಿಗೆ ಬಂದೆ. ಇಷ್ಟು ವರ್ಷ ಬರೀ ಹಲ್ಲು ನೋಡಿಕೊಂಡು ಬದುಕಿದವನು ನಾನು, ಸುಮ್ನೆ ಇರೋಕಾಗುತ್ತಾ?

ಇವತ್ತಿನ ನೀಲಿ ತಿಮಿಂಗಿಲಕ್ಕೆ ಹಲ್ಲಿಲ್ಲ. ಮೇಲಿನ ದವಡೆಯಿಂದ ಉಗುರಿನಂಥದೇ ವಸ್ತುವಿನ ಪಟ್ಟಿಗಳು ಜೋತುಬಿದ್ದಿರುತ್ತವೆ, ನೀರು ಸೋಸಿ ಆಹಾರ ಹಿಡಿಯಲು ಅದೇ ಅದರ ಜರಡಿ. ಲಾನೋಸೀಟಸ್ ಅದೇ ವಂಶದ್ದು, ಸುಮಾರು 3.4 ಕೋಟಿ ವರ್ಷ ಹಳೆಯದು, ಉದ್ದ ಸುಮಾರು 8 ಮೀಟರ್. ಅಂಟಾರ್ಕ್ಟಿಕಾ ಹಿಮ ಹೊದೆಯಲು ಶುರುಮಾಡಿದ ಕಾಲ. ಆದರೆ ಇದಕ್ಕೆ ಹಲ್ಲಿದೆ. ಒಂದೊಂದೂ ದಾಸವಾಳದ ಎಲೆಯಂತೆ ಅಂಚೆಲ್ಲ ಕಚ್ಚು ಕಚ್ಚು.

1989ರಲ್ಲಿ ಇದಕ್ಕೆ ಹೆಸರಿಟ್ಟ ಎಡ್ವರ್ಡ್ ಮಿಚೆಲ್, ಇದು ಆ ಹಲ್ಲುಗಳಿಂದಲೇ ನೀರು ಸೋಸಿ ತಿನ್ನುತ್ತಿತ್ತು ಅಂದುಕೊಂಡಿದ್ದರು. ಕೇಳಲು ಚೆನ್ನಾಗಿದೆ. ಆದರೆ ಪೂರ್ತಿ ತಲೆಬುರುಡೆಯ ಚಿತ್ರದಲ್ಲಿ ಹಲ್ಲು ಹಲ್ಲಿನ ನಡುವೆ ಅಷ್ಟಗಲ ಸಂದು! ಅಂಥ ಬಾಯಲ್ಲಿ ಏನು ಸೋಸುತ್ತೀರಿ? ಜೊತೆಗೆ ಮೇಲಿನ ಹಲ್ಲು ಕೆಳಗಿನದಕ್ಕೆ ಉಜ್ಜಿ ಸವೆದ ಗುರುತು. ಕಚ್ಚಿ ಕತ್ತರಿಸಿದ ಬಾಯಿ ಅದು. ಪಕ್ಕದಲ್ಲಿದ್ದ ಹೆಂಡತಿಗೆ ಇದನ್ನೇ ಪಿಸುಗುಟ್ಟಿದೆ. "ಇಲ್ಲಿಗೆ ಬಂದ್ರೂ ಹಲ್ಲೇ ಏನ್ರೀ ನಿಮ್ಗೆ?" ಅಂದಳು.

ಮುಂದಿನ ಸ್ಲೈಡಿನಲ್ಲಿ ಅದೇ ಮಾತಿತ್ತು. 2018ರಲ್ಲಿ ಯುವನ್ ಫೋರ್ಡೈಸ್ ಮತ್ತು ಫೆಲಿಕ್ಸ್ ಮಾರ್ಕ್ಸ್ ಅನ್ನುವ ಪಳೆಯುಳಿಕೆ ತಜ್ಞರು ಇದನ್ನೇ ಬರೆದಿದ್ದರು. ನನಗೆ ಜಾಸ್ತಿ ಹಿಡಿಸಿದ್ದು ಅಂಗುಳಿನ ಸಂಗತಿ. ಅಲ್ಲಿ ರಕ್ತನಾಳ ಹಾದುಹೋದ ಗೀರುಗಳಿವೆ. ಈಗಿನ ತಿಮಿಂಗಿಲಗಳಲ್ಲಿ ಜರಡಿಗೆ ರಕ್ತ ಹೋಗುವುದು ಅಂಥ ದಾರಿಯಲ್ಲೇ. ಲಾನೋಸೀಟಸ್‌ಗೆ ಜರಡಿ ಇರಲಿಲ್ಲ, ದಪ್ಪ ವಸಡು ಇದ್ದಿರಬೇಕು ಅನ್ನುವುದು ಅವರ ಊಹೆ. ಅಂದರೆ ಮೈ ದೊಡ್ಡದಾಗಿದ್ದು ಮೊದಲು, ಜರಡಿ ಬಂದಿದ್ದು ಆಮೇಲೆ. ನಮ್ಮಲ್ಲಿ ವಸಡಿನ ಬಗ್ಗೆ ರೋಗಿಗಳು ಯಾವಾಗಲೂ ಕೊನೆಗೆ ಕೇಳುವುದು, ಪಾಪ.

ಕೊನೆಯಲ್ಲಿ ನಾನು ಕೈಯೆತ್ತಿದೆ: ಹೋದ ಹಲ್ಲುಗಳ ಗುರುತು ಈಗಿನ ತಿಮಿಂಗಿಲಗಳಲ್ಲಿ ಉಳಿದಿದೆಯಾ? ಇದೆ ಅಂದರು. ತಾಯಿಯ ಹೊಟ್ಟೆಯಲ್ಲಿರುವಾಗ ಮರಿಗೆ ಹಲ್ಲಿನ ಮೊಳಕೆ ಮೂಡಿ, ಹುಟ್ಟುವ ಮೊದಲೇ ಕರಗಿಹೋಗುತ್ತದಂತೆ.

ಮಧ್ಯಾಹ್ನ ಹಿಮದ ಹಲಗೆಯೊಂದರ ಮೇಲೆ ಕ್ರ್ಯಾಬ್‌ಈಟರ್ ಸೀಲ್ ಮಲಗಿತ್ತು. ಕ್ರಿಲ್ ಅನ್ನುವ ಸಿಗಡಿಯಂಥ ಪುಟ್ಟ ಜೀವಿಗಳನ್ನು ಹಲ್ಲಿನಿಂದಲೇ ಸೋಸುವ ಪ್ರಾಣಿ. ಮಿಚೆಲ್ ಊಹಿಸಿದ ಕೆಲಸವನ್ನು ನಿಜಕ್ಕೂ ಮಾಡುವ ಬಾಯಿ ಅದು. ಎಲ್ಲರೂ ಫೋಟೋ ಹೊಡೆದು ಒಳಗೆ ಹೋದರು. ಅದು ಒಂದ್ಸಲ ಆಕಳಿಸಲಿ ಅಂತ ನಾನು ಕೈ ಮರಗಟ್ಟುವವರೆಗೂ ನಿಂತೆ. ಆಕಳಿಸಲಿಲ್ಲ. ಹೆಂಡತಿ ಬಂದು ಊಟಕ್ಕೆ ಎಳೆದುಕೊಂಡು ಹೋದಳು.