ಒಂದು ವರ್ಷ, ಮೂರು ಬಿಡಾರ: ತಯಾರಿಯ ದಾಖಲೆ, ಜನವರಿಯಿಂದ ಆಗಸ್ಟ್‌ವರೆಗೆ

ಜನವರಿ

ಹೊರಡುವುದು ಅಕ್ಟೋಬರ್ 1ಕ್ಕೆ, ಬೆಂಗಳೂರಿಗೆ ವಾಪಸು ಮುಂದಿನ ವರ್ಷದ ಸೆಪ್ಟೆಂಬರ್ 30ಕ್ಕೆ. ದುಡಿಯುವವರು ಇಬ್ಬರು, ಓದುವ ಮಕ್ಕಳು ಇಬ್ಬರು. ಅಕ್ಟೋಬರ್‌ನಿಂದ ಫೆಬ್ರವರಿ ದುಬೈ, ಮಾರ್ಚ್ 1ರಿಂದ ಏಪ್ರಿಲ್ 10 ಯುರೋಪು, ಏಪ್ರಿಲ್ ಉಳಿದ ದಿನ ಬೆಂಗಳೂರು, ಮೇಯಿಂದ ಸೆಪ್ಟೆಂಬರ್ ಮಲೇಷ್ಯಾದ ಪೆನಾಂಗ್.

ಈ ಕ್ರಮ ಊರಿನ ಚೆಂದ ನೋಡಿ ಬಂದದ್ದಲ್ಲ. ಎಲ್ಲಿ ಕೂತು ಕೆಲಸ ಮಾಡಲು ಕಾನೂನು ಒಪ್ಪುತ್ತದೆ ಅನ್ನುವುದೇ ಕ್ರಮವನ್ನು ಹಾಕಿಕೊಟ್ಟಿದೆ. ಪ್ರವಾಸಿ ವೀಸಾದ ಮೇಲೆ ಲ್ಯಾಪ್‌ಟಾಪ್ ತೆಗೆದು ಆಫೀಸ್ ಕೆಲಸ ಮಾಡುವುದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಈ ಯೋಜನೆಯಲ್ಲಿ ಅದಕ್ಕೆ ಜಾಗವಿಲ್ಲ. ಯುಎಇಯ ವರ್ಚುವಲ್ ವರ್ಕ್ ವೀಸಾ (ಹೊರದೇಶದ ಕಂಪನಿಯ ಕೆಲಸವನ್ನು ಅಲ್ಲಿ ಕೂತು ಮಾಡಲು ಕೊಡುವುದು) ಒಂದು ವರ್ಷದ್ದು, ತಿಂಗಳ ಆದಾಯ ಕನಿಷ್ಠ 3,500 ಡಾಲರ್ ಇರಬೇಕು. ಮಲೇಷ್ಯಾದಲ್ಲಿ ಇದೇ ಉದ್ದೇಶದ ಡಿಇ ರಂತಾವ್ ಪಾಸು 3ರಿಂದ 12 ತಿಂಗಳಿಗೆ ಸಿಗುತ್ತದೆ; ಸಾಫ್ಟ್‌ವೇರ್‌ನಂಥ ಡಿಜಿಟಲ್ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್, ಉಳಿದ ವೃತ್ತಿಯವರಿಗೆ 60,000 ಡಾಲರ್ ಆದಾಯ ತೋರಿಸಬೇಕು. ಯುರೋಪಿನ 41 ದಿನ ಪೂರ್ತಿ ರಜೆ. ಇಬ್ಬರೂ ಕೂಡಿಟ್ಟ ರಜೆಯಲ್ಲಿ ಸುಮಾರು 29 ಕೆಲಸದ ದಿನ ಅಲ್ಲಿಗೇ ಹೋಗುತ್ತದೆ.

ಆಫೀಸಿನಿಂದ ಬಾಯಿಮಾತಿನ ಒಪ್ಪಿಗೆ ಸಾಲದು. ಯಾವ ದೇಶ, ಎಷ್ಟು ದಿನ, ಯಾವ ಡೇಟಾ ಹೊರಗಿನಿಂದ ತೆರೆಯಬಹುದು, ಇಷ್ಟೂ ಬರೆದ ಪತ್ರ ಬೇಕು. ವೀಸಾ ಅರ್ಜಿಗೂ ಅದೇ ಪತ್ರ ಆಧಾರ. ಒಂದು ಪತ್ರ ಬಂದಿದೆ, ಇನ್ನೊಂದು ಬಾಕಿ.

ಮಾರ್ಚ್

ಪಾಸ್‌ಪೋರ್ಟ್‌ಗಳು. ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತದೆ, ಅದು ಮರೆತುಹೋಗುವ ಸಂಗತಿ. ಪ್ರಯಾಣದ ಕೊನೆಯ ದಿನಕ್ಕೂ 6 ತಿಂಗಳ ಅವಧಿ ಉಳಿದಿರಬೇಕೆಂದು ಲೆಕ್ಕ ಹಾಕಿ ಇಬ್ಬರದ್ದೂ ಈಗಲೇ ರಿನ್ಯೂ ಮಾಡಿಸಿದ್ದಾಯಿತು. ದೊಡ್ಡವರಿಗೆ 60 ಪುಟದ್ದು. 36 ಪುಟದ್ದಕ್ಕಿಂತ 500 ರೂಪಾಯಿ ಮಾತ್ರ ಹೆಚ್ಚು.

ನಮ್ಮ ಕಡೆಯವರು ವಿಶೇಷವಾಗಿ ನೋಡಬೇಕಾದ್ದು ಹೆಸರು. ಇನಿಷಿಯಲ್ ಇಟ್ಟು ಬರೆದು ಅಭ್ಯಾಸವಾದ ಮನೆಗಳಲ್ಲಿ ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಉಳಿದಿರುತ್ತದೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರನ್ನು ಭೇಟಿ ವೀಸಾದ ಮೇಲೆ ಬಿಡುವುದಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ರಿನ್ಯೂ ಮಾಡಿಸುವಾಗಲೇ ಇನಿಷಿಯಲ್ ಬಿಡಿಸಿ ಬರೆಸಿ. ಮಕ್ಕಳ ಜನನ ಪತ್ರದಲ್ಲಿ ಅಪ್ಪ ಅಮ್ಮನ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನ ಹಾಗೆಯೇ ಇರಬೇಕು; 'ಲಕ್ಷ್ಮಿ'ಯ ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಬೇರೆಯಾದರೂ ಮುಂದಿನ ದೃಢೀಕರಣ (ಪತ್ರ ಅಸಲಿ ಎಂದು ಸೀಲು ಹಾಕಿಸುವುದು) ಅಲ್ಲಿಗೇ ನಿಲ್ಲುತ್ತದೆ.

ದೃಢೀಕರಣದ ಮೆಟ್ಟಿಲುಗಳು: ಮೊದಲು ರಾಜ್ಯದ ಹಂತ, ಆಮೇಲೆ ವಿದೇಶಾಂಗ ಸಚಿವಾಲಯ (ಅವರು ನೇಮಿಸಿದ ಏಜೆನ್ಸಿ ಮೂಲಕವೇ), ನಂತರ ಯುಎಇ ರಾಯಭಾರ ಕಚೇರಿ, ಅಲ್ಲಿಗೆ ಹೋದಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ. ಮದುವೆ ಪತ್ರ, ಎರಡು ಜನನ ಪತ್ರ, ಒಟ್ಟು ಮೂರು. ಲ್ಯಾಮಿನೇಟ್ ಮಾಡಿಸಿದ ಪ್ರತಿಯ ಮೇಲೆ ಸೀಲು ಕೂರುವುದಿಲ್ಲ, ಹೊಸ ಪ್ರತಿ ತೆಗೆಸಲೇಬೇಕು.

ಮೇ

ಈ ತಿಂಗಳ ಕೆಲಸವೆಲ್ಲ ಒಂದು ಸ್ಪ್ರೆಡ್‌ಶೀಟ್. ದಿನಕ್ಕೊಂದು ಸಾಲು, ಒಟ್ಟು 365. ಕಾಲಂ ಮೂರು: ಭಾರತದ ತೆರಿಗೆ, ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಇರುವ ದೇಶ.

ತೆರಿಗೆ ಕಾಲಂ ಹೇಳಿದ್ದು ಸ್ಪಷ್ಟ. ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನಿವಾಸಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 183 ದಿನ ಇಲ್ಲೇ ಆಗುತ್ತದೆ. ಮರುವರ್ಷ ಏಪ್ರಿಲ್‌ನ 20 ದಿನ, ವಾಪಸಾದ ಮೇಲೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ 182, ಒಟ್ಟು 202. ಅಂದರೆ ವರ್ಷವಿಡೀ ಹೊರಗಿದ್ದರೂ ಎರಡೂ ಆರ್ಥಿಕ ವರ್ಷದಲ್ಲಿ ನಿವಾಸಿಗಳೇ, ಎಲ್ಲ ಆದಾಯಕ್ಕೂ ಇಲ್ಲೇ ರಿಟರ್ನ್ಸ್. 'ವಿದೇಶದಲ್ಲಿದ್ದೇವೆ, ತೆರಿಗೆ ಇಲ್ಲ' ಅನ್ನುವ ತಪ್ಪು ಎಣಿಕೆ ಹುಟ್ಟುವುದು ಕ್ಯಾಲೆಂಡರ್ ವರ್ಷವನ್ನೂ ಆರ್ಥಿಕ ವರ್ಷವನ್ನೂ ಬೆರೆಸುವುದರಿಂದ. ಮಲೇಷ್ಯಾದಲ್ಲಿ 153 ದಿನ. ಅಲ್ಲಿನ ತೆರಿಗೆ ನಿವಾಸಕ್ಕೆ ಬೇಕಾದ 182ಕ್ಕಿಂತ ಕಡಿಮೆ. ಆಡಿಟರ್ ಬಳಿ ಇಷ್ಟನ್ನೂ ಬರಹದಲ್ಲಿ ಪಡೆದು ಇಟ್ಟುಕೊಂಡಿದೆ.

ಷೆಂಗೆನ್ ಲೆಕ್ಕ ಕೈಯಲ್ಲಿ ಮಾಡಿ ನೋಡದೆ ಅರ್ಥವಾಗುವುದಿಲ್ಲ. ಯಾವ ದಿನ ನಿಂತು ಹಿಂದೆ ನೋಡಿದರೂ ಕಳೆದ 180 ದಿನದಲ್ಲಿ 90 ದಾಟಬಾರದು. ಇಳಿದ ದಿನವೂ ಹೊರಟ ದಿನವೂ ಎಣಿಕೆಗೆ ಸೇರುತ್ತವೆ. ರಾತ್ರಿ 11:50ಕ್ಕೆ ಗಡಿ ದಾಟಿದರೂ ಅದು ಪೂರ್ತಿ ಒಂದು ದಿನ. 90 ದಿನ ಅಂದರೆ ಮೂರು ತಿಂಗಳಲ್ಲ: ಮಾರ್ಚ್ 1ಕ್ಕೆ ಇಳಿದವರ 90ನೇ ದಿನ ಮೇ 29. ಮೇ 31ರವರೆಗೆ ಉಳಿದರೆ ಅವಧಿ ಮೀರಿ ಎರಡು ದಿನ ಉಳಿದಂತೆ. ಒಂದು ವಾರ ಹೊರಗೆ ಹೋಗಿಬಂದರೆ ಲೆಕ್ಕ ಸೊನ್ನೆಯಾಗುವುದಿಲ್ಲ; 90ನ್ನೂ ಒಟ್ಟಿಗೆ ಮುಗಿಸಿದವರು ಆಗಸ್ಟ್ 28ಕ್ಕೇ ಮತ್ತೆ ಒಳಗೆ ಬರಬಹುದು. ಇನ್ನೊಂದು: ವೀಸಾ ಸ್ಟಿಕ್ಕರ್ ಮೇಲೆ ಮಾನ್ಯತೆಯ ದಿನಾಂಕದ ಜೊತೆ 'ಉಳಿಯಬಹುದಾದ ದಿನ' ಅಂತ ಬೇರೆ ಸಂಖ್ಯೆ ಇರುತ್ತದೆ. ಪಾಲಿಸಬೇಕಾದ್ದು ಆ ಸಂಖ್ಯೆಯನ್ನು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಮುಖಚಿತ್ರ ತೆಗೆದು ಕಂಪ್ಯೂಟರ್‌ನಲ್ಲೇ ದಿನ ಎಣಿಸುವ ವ್ಯವಸ್ಥೆ ಶುರುವಾಗಿದೆ, ಮಾಸಿದ ಸೀಲಿನ ನೆಪ ನಡೆಯದು.

ಜೂನ್

ಯೋಜನೆಯ ನಿಜವಾದ ಗಂಟು ಈ ತಿಂಗಳು ಗೊತ್ತಾಯಿತು: ಪಾಸ್‌ಪೋರ್ಟ್ ಒಂದೇ, ಅದು ಎರಡು ಕಡೆ ಇರಲಾರದು. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳಿಗಿಂತ ಮೊದಲು ಕೊಡುವ ಹಾಗಿಲ್ಲ. ಮಾರ್ಚ್ 1ರ ಪ್ರಯಾಣಕ್ಕೆ ಸೆಪ್ಟೆಂಬರ್ 1ರಿಂದಷ್ಟೇ ಅವಕಾಶ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಸಲ 45, ಅಷ್ಟೂ ದಿನ ಪಾಸ್‌ಪೋರ್ಟ್ ಅವರ ಬಳಿಯೇ. ಅಕ್ಟೋಬರ್ 1ಕ್ಕೆ ವಿಮಾನ. ಹಾಗಾಗಿ ಬೆಂಗಳೂರಿನಲ್ಲಿ ಅರ್ಜಿ ಹಾಕುವ ಯೋಚನೆ ಬಿಟ್ಟು, ಎಮಿರೇಟ್ಸ್ ಐಡಿ (ಯುಎಇ ನಿವಾಸಿಗಳ ಗುರುತಿನ ಚೀಟಿ) ಕೈಗೆ ಬಂದಮೇಲೆ ಅಲ್ಲಿನ ನಿವಾಸಿಗಳಾಗಿ ದುಬೈಯಲ್ಲೇ ಹಾಕುವುದು ಎಂದಾಗಿದೆ. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ, ಮಕ್ಕಳ ಅರ್ಜಿಗೆ ಇಬ್ಬರ ಸಹಿ, ಕನಿಷ್ಠ 30,000 ಯೂರೋ ವಿಮೆ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45.

ಜುಲೈ

ಅಡುಗೆ ಚೀಲ. ಬೇಡದ್ದನ್ನು ಮೊದಲು ಬರೆದುಕೊಳ್ಳಬೇಕು. ಗಸಗಸೆ ಯುಎಇಯಲ್ಲಿ ನಿಷಿದ್ಧ ಮಾದಕವಸ್ತುಗಳ ಪಟ್ಟಿಯಲ್ಲಿದೆ. ಬಿಡಿ ಗಸಗಸೆ ಬಿಡುವುದು ಎಲ್ಲರಿಗೂ ತಿಳಿದದ್ದೇ. ಆದರೆ ಮನೆಯ ಬಿಸಿಬೇಳೆಬಾತ್ ಪುಡಿಯಲ್ಲಿ, ಸಾಗು ಮಸಾಲೆಯಲ್ಲಿ ಅದು ಅಡಗಿರುತ್ತದೆ. ಈ ಸಲದ ಪುಡಿಗೆ ಗಸಗಸೆ ಹಾಕದೆ, ಮರಾಠಿ ಮೊಗ್ಗು, ಚಕ್ಕೆ ತುಸು ಜಾಸ್ತಿ ಹುರಿದು ಮಾಡಿದೆ. ಒಣಕೊಬ್ಬರಿಯನ್ನು ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ, ಅದರ ಎಣ್ಣೆಯಂಶ ತಾನಾಗಿ ಕಾದು ಹೊತ್ತಿಕೊಳ್ಳಬಹುದು ಎಂಬುದೇ ಕಾರಣ. ಯುರೋಪಿಗೆ ತುಪ್ಪವೂ ಇಲ್ಲ. ಹೊರಗಿನ ಹಾಲಿನ ಪದಾರ್ಥವನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಕೋಡೀನ್ ಇರುವ ಕೆಮ್ಮಿನ ಸಿರಪ್ ಅನ್ನು ಮುಂಚಿತ ಅನುಮತಿ ಇಲ್ಲದೆ ಯುಎಇಗೆ ಒಯ್ಯಲೇಬಾರದು.

ಒಯ್ಯುವುದು: ಇಂಡಕ್ಷನ್ ತಳದ 3 ಲೀಟರ್ ಕುಕ್ಕರ್, ಎರಡು ಗ್ಯಾಸ್ಕೆಟ್, ಒಂದು ಹೆಚ್ಚುವರಿ ವೆಯ್ಟ್, 500 ವ್ಯಾಟ್ ಮಿಕ್ಸಿ. ದುಬೈ, ಪೆನಾಂಗ್ ಎರಡರಲ್ಲೂ ಚೌಕಾಕಾರದ ಮೂರು ಪಿನ್ನಿನ ಪ್ಲಗ್. ನಮ್ಮ 6 ಆಂಪಿಯರ್ ಎಕ್ಸ್‌ಟೆನ್ಶನ್ ಬೋರ್ಡಿಗೆ ಮಿಕ್ಸಿ ಸರಿ, ಅದು ಎಳೆಯುವುದು 2.2 ಆಂಪಿಯರ್. 2,000 ವ್ಯಾಟ್ ಇಂಡಕ್ಷನ್ ಒಲೆ 8.7 ಎಳೆಯುತ್ತದೆ, ಬೋರ್ಡು ಕರಗುತ್ತದೆ. ಒಲೆಯನ್ನು ನೇರ ಗೋಡೆಯ ಸಾಕೆಟ್ಟಿಗೇ ಹಾಕಬೇಕು.

ಆಗಸ್ಟ್

ಬೆಂಗಳೂರು ಆಫೀಸಿನ 10ರಿಂದ 7 ದುಬೈಯಲ್ಲಿ ಬೆಳಿಗ್ಗೆ 8:30ರಿಂದ ಸಂಜೆ 5:30, ಪೆನಾಂಗ್‌ನಲ್ಲಿ ಮಧ್ಯಾಹ್ನ 12:30ರಿಂದ ರಾತ್ರಿ 9:30. ಹಾಗಾಗಿ ಪೆನಾಂಗ್‌ನಲ್ಲಿ ಮಕ್ಕಳ ಪಾಠ ಬೆಳಗಿನ ಹೊತ್ತು. ಪಠ್ಯಪುಸ್ತಕದ ತೂಕ ಹೊರುವುದು ಬೇಡ. ಕನ್ನಡದ್ದು ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಕನ್ನಡ ಬರಹ ದಿನಕ್ಕೆ ಒಂದು ಪುಟ, ಕೈಬರಹದಲ್ಲೇ.

ಮನೆ ಮುಚ್ಚುವುದಕ್ಕೆ: ಸಂಪು ಖಾಲಿ ಮಾಡಿ ಒರೆಸಿ ಮುಚ್ಚಳಕ್ಕೆ ಬಲೆ (ನಿಂತ ನೀರಲ್ಲಿ ಡೆಂಗ್ಯೂ ಸೊಳ್ಳೆ), ಕಾರಿನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚುವುದು, ಬೆಸ್ಕಾಂ ಬಿಲ್ಲಿಗೆ ಆಟೋಪೇ. ಬ್ಯಾಂಕ್ ಓಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ ಹೊರಡುವ ಮೊದಲೇ ಸೆಟ್ಟಿಂಗ್ ಪರೀಕ್ಷಿಸಬೇಕು. ರೀಚಾರ್ಜ್ ತಪ್ಪಿ ಸಿಮ್ ನಿಂತರೆ ದುಡ್ಡಿನ ದಾರಿಯೇ ಮುಚ್ಚುತ್ತದೆ.

ಬಾಕಿ: ಎರಡನೇ ಆಫೀಸ್ ಪತ್ರ, ಮದುವೆ ಪತ್ರಕ್ಕೆ ರಾಯಭಾರ ಕಚೇರಿಯ ಸೀಲು, ಗ್ಯಾಸ್ಕೆಟ್.