ಅಲ್ಲಿ ಮಕ್ಕಳು ಹುಟ್ಟೋದಿಲ್ವಾ?

ಭಾನುವಾರ ಮಧ್ಯಾಹ್ನ ದೊಡ್ಡಮ್ಮ ಬಂದಾಗ ಹಾಲ್ ತುಂಬ ಡೈಪರ್ ಹರಡಿತ್ತು. ನಾನು ನೆಲದ ಮೇಲೆ ಕೂತು ಒಂದೊಂದರ ಗಾಳಿ ಹಿಂಡಿ ವಿದೇಶ ಪ್ರಯಾಣದ ಸೂಟ್‌ಕೇಸಿನ ಸಂದಿಗೊಂದಿಗೆ ತುರುಕುತ್ತಿದ್ದೆ. ಹೆಂಡತಿ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಸೋಫಾದಲ್ಲಿ ಆರಾಮಾಗಿ ಫೋನ್ ನೋಡುತ್ತಿದ್ದಳು. ದೊಡ್ಡಮ್ಮ ಬಾಗಿಲಲ್ಲೇ ನಿಂತು ಸೂಟ್‌ಕೇಸ್ ನೋಡಿದರು, ಡೈಪರ್ ರಾಶಿ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ನನ್ನ ತಲೆ ದಾಟಿ ಸೋಫಾದ ಕಡೆ ಕೇಳಿದರು: "ಏನಮ್ಮ, ಅಲ್ಲಿ ಮಕ್ಕಳು ಹುಟ್ಟೋದಿಲ್ವಾ?"

ಎಲ್ಲರೂ ನಕ್ಕೆವು. ನಗುವಂಥ ಮಾತೇ. ದೊಡ್ಡಮ್ಮನ ನಾಲಿಗೆ ಮೊದಲಿಂದಲೂ ಹಾಗೇ, ಬೇರೆಯವರು ಅರ್ಧ ಗಂಟೆ ಕೊರೆಯೋದನ್ನು ಒಂದು ಸಾಲಿನಲ್ಲಿ ಮುಗಿಸಿ ಕಾಫಿ ಕೇಳುತ್ತಾರೆ. ಹೆಂಡತಿ ನಗುತ್ತಲೇ, "ಹೌದು ದೊಡ್ಡಮ್ಮ, ಸ್ವಲ್ಪ ಜಾಸ್ತೀನೇ ಆಯ್ತು" ಅಂದಳು.

ಅಲ್ಲಿಗೆ ನನ್ನ ನಗು ನಿಂತಿತು. ಯಾಕಂದ್ರೆ ಆ ರಾಶಿಗೂ ಅವಳಿಗೂ ಸಂಬಂಧವೇ ಇರಲಿಲ್ಲ. ಲಿಸ್ಟ್ ಬರೆದವನು ನಾನು, ತಂದವನು ನಾನು, ತುರುಕುತ್ತಿದ್ದವನೂ ನಾನು. ಎರಡು ದಿನಕ್ಕಾಗುವಷ್ಟು ಇಟ್ಟುಕೊಂಡು ಉಳಿದಿದ್ದು ಅಲ್ಲೇ ಕೊಳ್ಳೋಣ ಅನ್ನೋದು ಅವಳ ವಾದವಾಗಿತ್ತು, ಅಂದರೆ ಅವಳು ದೊಡ್ಡಮ್ಮನ ಪಕ್ಷದವಳೇ! ಆದರೂ ಪ್ರಶ್ನೆ ಅವಳಿಗೆ ಹೋಯಿತು, ಅವಳು ಅದನ್ನು ತನ್ನದೇ ಅನ್ನೋ ಹಾಗೆ ಇಸಿದುಕೊಂಡಳು. ವಾರವಿಡೀ ಅದೇ ತಲೆಯಲ್ಲಿ ಓಡುತ್ತಿದೆ. ಆ ಮಾತಿಗಿಂತ ಹೆಚ್ಚಾಗಿ ಆ ನೋಟ. ನೆಲದ ಮೇಲೆ ಕೂತವನನ್ನು ದಾಟಿ ಸೋಫಾಕ್ಕೆ ಹೋದ ನೋಟ.

ಮೊದಲು ಡೈಪರ್ ವಿಷಯ ಮುಗಿಸುತ್ತೇನೆ, ಅದರಲ್ಲಿ ನನಗೆ ಸ್ವಲ್ಪವೂ ಪಶ್ಚಾತ್ತಾಪ ಇಲ್ಲ. ಮಕ್ಕಳು ಎಲ್ಲಾ ದೇಶದಲ್ಲೂ ಹುಟ್ಟುತ್ತಾರೆ, ಎಲ್ಲಾ ದೇಶದಲ್ಲೂ ಡೈಪರ್ ಸಿಗುತ್ತದೆ, ಗೊತ್ತು. ಆದರೆ ನಮ್ಮ ಮನೆ ಬಾಗಿಲಿಗೂ ಅಲ್ಲಿನ ಅಂಗಡಿ ಬಾಗಿಲಿಗೂ ನಡುವೆ ರಾತ್ರಿಯಿಡೀ ಹಾರುವ ವಿಮಾನ ಇದೆ, ಎರಡು ಏರ್‌ಪೋರ್ಟ್ ಇದೆ, ಇಮಿಗ್ರೇಷನ್ ಕ್ಯೂ ಇದೆ. ಆಕಾಶದಲ್ಲಿ ಅಂಗಡಿ ಇಲ್ಲ. ಪ್ರಯಾಣದ ಗಂಟೆಗೊಂದು ಡೈಪರ್, ವಿಮಾನ ತಡವಾದರೆ ಅಂತ ಮೇಲೆ ಇನ್ನಷ್ಟು ಅನ್ನೋದು ಅನುಭವಸ್ಥರ ಲೆಕ್ಕ. ಅದಷ್ಟೂ ಕೈಚೀಲದಲ್ಲಿ ಇರಬೇಕು, ಚೆಕ್-ಇನ್ ಮಾಡಿದ ಸೂಟ್‌ಕೇಸಿನಲ್ಲಿದ್ದರೆ ಇಲ್ಲದ ಹಾಗೇ. ಸೂಟ್‌ಕೇಸಿನದ್ದು ಅಲ್ಲಿ ಇಳಿದ ಮೇಲಿನ ಮೊದಲ ದಿನಗಳಿಗೆ. ಖಾಲಿಯಾದ ಜಾಗ ವಾಪಸ್ ಬರುವಾಗ ಉಪಯೋಗಕ್ಕೆ ಬರುತ್ತದೆ. ಡೈಪರ್‌ಗೆ ಜಾಗ ಬೇಕು, ತೂಕ ಏನೂ ಇಲ್ಲ. ಮಗುವಿಗೆ ಬದಲಿ ಬಟ್ಟೆ ಇಡೋದು ಎಲ್ಲರಿಗೂ ಹೊಳೆಯುತ್ತದೆ. ನಮಗೂ ಒಂದೊಂದು ಅಂಗಿ ಕೈಚೀಲದಲ್ಲೇ ಇರಬೇಕು ಅನ್ನೋದು, ಮಗು ಮೈಮೇಲೆ ಕಕ್ಕಿ ಇನ್ನೂ ಅರ್ಧ ರಾತ್ರಿ ಬಾಕಿ ಇರುವಾಗ ಹೊಳೆದರೆ ಏನು ಪ್ರಯೋಜನ?

ಆ ನೋಟವನ್ನು ಒಮ್ಮೆ ಗುರುತಿಸಿದ ಮೇಲೆ ಹಿಂದಿನದ್ದೆಲ್ಲ ನೆನಪಾಗತೊಡಗಿತು. ಪಾಸ್‌ಪೋರ್ಟ್ ಫೋಟೋ, ಉದಾಹರಣೆಗೆ. ಕೂಸಿಗೂ ಅದರದ್ದೇ ಪಾಸ್‌ಪೋರ್ಟ್ ಬೇಕು, ಅಪ್ಪ ಅಮ್ಮನ ಪುಸ್ತಕದಲ್ಲಿ ಹೆಸರು ಸೇರಿಸಿ ಕರೆದುಕೊಂಡು ಹೋಗುವ ಕಾಲ ಹೋಯಿತು. ಹಿನ್ನೆಲೆ ಬಿಳಿ ಇರಬೇಕು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಬೇರೆಯವರ ಕೈ ಕಾಣಬಾರದು. ಕತ್ತು ಆಗಷ್ಟೇ ನಿಂತಿದ್ದ ಕೂಸಿಗೆ ಇದನ್ನೆಲ್ಲ ಒಂದೇ ಕ್ಷಣದಲ್ಲಿ ಮಾಡು ಅಂದರೆ! ಬಿಳಿ ಬೆಡ್‌ಶೀಟ್ ಹಾಸಿ ಅದರ ಮೇಲೆ ಮಲಗಿಸಿ ಫೋಟೋಗ್ರಾಫರ್ ಕುರ್ಚಿ ಹತ್ತಿ ಮೇಲಿಂದ ತೆಗೆದರು. ಕಣ್ಣು ತೆರೆದಾಗ ಬಾಯೂ ತೆರೆಯುತ್ತಿತ್ತು, ಬಾಯಿ ಮುಚ್ಚಿದರೆ ಕಣ್ಣೂ ಮುಚ್ಚುತ್ತಿತ್ತು. ಒಂದು ಒಳ್ಳೆ ಫೋಟೋ ಬಂತು ಅಂದುಕೊಂಡರೆ ಭುಜದ ಪಕ್ಕ ನನ್ನ ಹೆಬ್ಬೆರಳಿನ ತುದಿ ಕಾಣಿಸಿತು. ಅಷ್ಟು ಹೊತ್ತೂ ಮಗುವನ್ನು ಹಿಡಿದು ಸಂಭಾಳಿಸುತ್ತಿದ್ದವನು ನಾನು. ಫೋಟೋಗ್ರಾಫರ್ ಮಾತ್ರ ಹೇಳುತ್ತಿದ್ದದ್ದು, "ಅಮ್ಮ, ಸ್ವಲ್ಪ ಬಾಯಿ ಮುಚ್ಚಿಸಿ, ಅಮ್ಮ, ಈ ಕಡೆ ನೋಡಿಸಿ." ಅಮ್ಮ ಬಾಗಿಲ ಹತ್ತಿರ ನಿಂತು ಅರ್ಜಿ ತುಂಬುತ್ತಿದ್ದಳು.

ಡಾಕ್ಟರ್ ಬಗ್ಗೆ ನನಗೆ ಗೌರವ ಇದೆ, ತಾಳ್ಮೆಯ ಮನುಷ್ಯ. ಪ್ರಶ್ನೆಗಳ ಚೀಟಿ ಹಿಡಿದು ಕೂತಿದ್ದವನು ನಾನು. ದಡಾರದ ಲಸಿಕೆ ಬಗ್ಗೆ ನಾನೇ ಕೇಳಿದೆ: 6ರಿಂದ 11 ತಿಂಗಳ ಮಕ್ಕಳು ವಿದೇಶಕ್ಕೆ ಹೋಗುವುದಾದರೆ ಹೊರಡುವ ಮುಂಚೆಯೇ ಒಂದು ಡೋಸ್ ಹಾಕಿಸಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ, ಎರಡು ವಾರ ಮೊದಲೇ ಆದರೆ ಒಳ್ಳೆಯದು, ಆ ಡೋಸ್ ಮುಂದೆ ಹಾಕಿಸುವ ಎಂದಿನ ಡೋಸ್‌ಗಳ ಲೆಕ್ಕಕ್ಕೆ ಬರುವುದಿಲ್ಲ. ಪ್ಯಾರಸಿಟಮಾಲ್ ಎಷ್ಟು ಅಂತಲೂ ನಾನೇ ಕೇಳಿದೆ. ಅದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಹಾಗಾಗಿ ಹೊರಡುವ ಮುಂಚೆ ತೂಕ ನೋಡಿಸಿ, ಎಷ್ಟು ಎಂಎಲ್ ಅಂತ ಬಾಟಲಿಯ ಮೇಲೇ ಬರೆದಿಟ್ಟುಕೊಳ್ಳಬೇಕು. ವಿಮಾನದಲ್ಲಿ ನಿದ್ದೆ ಬರಲಿ ಅಂತ ಶೀತದ ಸಿರಪ್ ಕುಡಿಸುವವರಿದ್ದಾರೆ, ಅದು ಬೇಡವೇ ಬೇಡ ಅಂದರು. ಕೆಲವು ಮಕ್ಕಳು ಅದರಿಂದ ಇನ್ನೂ ಕೆರಳಿ ಕೂರುತ್ತವಂತೆ. ಉತ್ತರಗಳೆಲ್ಲ ಸರಿಯಾಗಿದ್ದವು. ಆದರೆ ಕೇಳಿದವನು ನಾನು, ಉತ್ತರ ಹೋಗುತ್ತಿದ್ದದ್ದು ಅವಳ ಕಡೆಗೆ. ನಾನು ಬರೆದುಕೊಳ್ಳುತ್ತಿದ್ದೆ, ಅವರ ಕಾರಕೂನನ ಹಾಗೆ.

ಸೋಮವಾರ ರಾತ್ರಿ ಮಗಳು ಮಲಗಿದ ಮೇಲೆ ಹೆಂಡತಿಯನ್ನು ಕೇಳಿದೆ: "ಜಾಸ್ತಿ ಆಯ್ತು ಅಂತ ನೀನ್ಯಾಕೆ ಒಪ್ಕೊಂಡೆ? ಇವನೇ ತುಂಬಿದ್ದು ಅಂತ ಹೇಳಬಹುದಿತ್ತಲ್ಲ."

"ಹೇಳಿದ್ರೆ?"

"ದೊಡ್ಡಮ್ಮ ನನ್ನನ್ನ ಕೇಳೋರು."

"ಇಲ್ಲ. 'ಗಂಡನ ಕೈಲಿ ಎಲ್ಲಾ ಮಾಡಿಸ್ತಾಳೆ' ಅನ್ನೋರು." ಅಂದು ಆಕಡೆ ತಿರುಗಿ ಮಲಗಿದವಳು ಕತ್ತಲಲ್ಲಿ ಮತ್ತೆ ಹೇಳಿದಳು, "ನಿಂಗೆ ಹೇಳಿದ್ರೆ ಅದು ತಮಾಷೆ. ನಂಗೆ ಹೇಳಿದ್ರೆ ಅದು ಸರ್ಟಿಫಿಕೇಟು."

ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕಂದ್ರೆ ಅದೇ ದಿನ ಬೆಳಿಗ್ಗೆ ಪಕ್ಕದ ಮನೆಯವರು ನನ್ನನ್ನು ಹೊಗಳಿ ಹೋಗಿದ್ದರು. ಗಂಡಸಾಗಿ ಮಗುವಿನ ಪ್ಯಾಕಿಂಗ್ ಎಲ್ಲಾ ಮಾಡ್ತೀರಲ್ಲ, ನಿಮ್ಮ ಹೆಂಡತಿ ಪುಣ್ಯ ಮಾಡಿದ್ದರು ಅಂತ. ಅದೇ ರಾಶಿ, ಅದೇ ಸೂಟ್‌ಕೇಸ್. ಚೆನ್ನಾಗಿ ಕಂಡರೆ ನನ್ನ ದೊಡ್ಡತನ, ಅತಿಯಾಗಿ ಕಂಡರೆ ಅವಳ ದಡ್ಡತನ. ಪುಣ್ಯ ಮಾಡಿದವಳು ಆ ಹೊತ್ತಿನಲ್ಲಿ ಒಳಗೆ ಮಗುವಿಗೆ ಹಾಲು ಕುಡಿಸುತ್ತಿದ್ದಳು, ಅವಳನ್ನು ಯಾರೂ ಹೊಗಳಲಿಲ್ಲ, ಅದು ಗಮನಕ್ಕೆ ಬರುವ ಕೆಲಸವೇ ಅಲ್ಲವಲ್ಲ.

ದೊಡ್ಡಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುತ್ತಿಲ್ಲ. ಅವರ ಮಕ್ಕಳು ಚಿಕ್ಕವರಿದ್ದಾಗ ಪ್ರಯಾಣ ಅಂದರೆ ದೊಡ್ಡಪ್ಪನ ಕೆಲಸ ಟಿಕೆಟ್ ಜೇಬಲ್ಲಿಟ್ಟುಕೊಂಡು ಮುಂದೆ ನಡೆಯೋದು. ಮಿಕ್ಕಿದ್ದೆಲ್ಲ ಇವರದ್ದು, ಏನಾದರೂ ಮರೆತರೆ ಇವರಿಗೇ ಮಂಗಳಾರತಿ. ದೊಡ್ಡಪ್ಪ ಕೆಟ್ಟವರೇನಲ್ಲ, ಬಹಳ ಮೃದು. ಆದರೆ ತಮ್ಮ ಮಗುವಿಗೆ ಯಾವ ಔಷಧಿ ಆಗುವುದಿಲ್ಲ ಅಂತ ಯಾರಾದರೂ ಕೇಳಿದರೆ, ಇರಿ ಅವಳನ್ನ ಕೇಳ್ತೀನಿ ಅನ್ನುವ ಮೃದು. ಅಂಥ ಮನೆಯಲ್ಲಿ ಬಾಳಿದ ಹೆಂಗಸಿನ ಕಣ್ಣು ನೇರವಾಗಿ ಇನ್ನೊಬ್ಬ ಹೆಂಗಸಿನ ಕಡೆ ಹೋದರೆ ಅದರಲ್ಲಿ ಆಶ್ಚರ್ಯವೇನು? ಅವರಿಗೆ ನಾನು ಕಾಣಿಸಲೇ ಇಲ್ಲ ಅಂತಲ್ಲ. ಕಂಡೆ, ಕೈಲಿ ಡೈಪರ್ ಹಿಡಿದ ಹುಡುಗ, ಯಾರೋ ಹೇಳಿದ್ದನ್ನು ಮಾಡುತ್ತಿದ್ದಾನೆ. ಹೇಳಿದವರು ಯಾರು ಅಂತ ಹುಡುಕಿದರು, ಅಷ್ಟೇ.

ತಮಾಷೆ ಅಂದರೆ ಕಾಗದಪತ್ರ ಈ ವಿಷಯದಲ್ಲಿ ಮನುಷ್ಯರಿಗಿಂತ ಮುಂದಿದೆ. ಅಪ್ಪ ಅಮ್ಮರಲ್ಲಿ ಒಬ್ಬರೇ ಮಗುವನ್ನು ಕರೆದುಕೊಂಡು ಗಡಿ ದಾಟುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ ಕೇಳುವ ದೇಶಗಳಿವೆ. ಹೋಗುವವರು ಅಮ್ಮನೇ ಆದರೂ ಅಪ್ಪನ ಸಹಿ ಬೇಕು, ಅಪ್ಪನೇ ಆದರೆ ಅಮ್ಮನದ್ದು. ಕಟ್ಟಡಗಳು ಮಾತ್ರ ಇನ್ನೂ ದೊಡ್ಡಮ್ಮನ ಕಡೆಗಿವೆ. ಎಷ್ಟೋ ಕಡೆ ಡೈಪರ್ ಬದಲಿಸುವ ಮೇಜು ಇರೋದು ಹೆಂಗಸರ ಶೌಚಾಲಯದಲ್ಲಿ ಮಾತ್ರ. ಅಮೆರಿಕದಲ್ಲಿ ಇದಕ್ಕೆಂದೇ 2016ರಲ್ಲಿ ಒಂದು ಕಾನೂನು ತಂದರು, ಸಾರ್ವಜನಿಕರು ಬಂದುಹೋಗುವ ಫೆಡರಲ್ ಸರ್ಕಾರದ ಕಟ್ಟಡಗಳಲ್ಲಿ ಗಂಡಸರ ಶೌಚಾಲಯದಲ್ಲೂ ಆ ಮೇಜು ಇರಬೇಕು ಅಂತ. ಒಂದು ಹಲಗೆ ಗೋಡೆಗೆ ಹೊಡೆಯಲು ಸಂಸತ್ತು ಕೂರಬೇಕಾಯಿತು. ನಾನಂತೂ ಮಡಚುವ ಚಾಪೆಯೊಂದನ್ನು ಕೈಚೀಲಕ್ಕೆ ಸೇರಿಸಿದ್ದೇನೆ. ಮೇಜು ಇಲ್ಲದ ಕಡೆ ಮಗುವನ್ನು ಅವಳ ಕೈಗೆ ಕೊಟ್ಟು ಹೊರಗೆ ನಿಂತು ಫೋನ್ ನೋಡುವ ಗಂಡಸರ ಸಾಲಿಗೆ ಸೇರಲು ಇಷ್ಟವಿಲ್ಲ.

ಹಾಲಿನ ವಿಷಯ ಹೇಳಲೇಬೇಕು, ನನ್ನ ನಿದ್ದೆ ತಿಂದದ್ದು ಅದು. ಡಬ್ಬಿಯ ಹಾಲಿನ ಪುಡಿ ನೋಡಲು ಶುದ್ಧವಾಗಿದ್ದರೂ ಕ್ರಿಮಿರಹಿತವಲ್ಲ. ಅದನ್ನು ಕನಿಷ್ಠ 70 ಡಿಗ್ರಿ ಬಿಸಿ ಇರುವ ನೀರಿನಲ್ಲೇ ಕಲಸಿ, ಆಮೇಲೆ ಆರಿಸಿ ಕುಡಿಸಿ, ಕಲಸಿದ್ದು ಎರಡು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2007ರ ಮಾರ್ಗಸೂಚಿ ಹೇಳುತ್ತದೆ. ಅಂದರೆ ಮನೆಯಲ್ಲೇ ಕಲಸಿ ಬಾಟಲಿ ತುಂಬಿಕೊಂಡು ಹೊರಡುವ ಹಾಗಿಲ್ಲ. ಫ್ಲಾಸ್ಕಿನಲ್ಲಿ ಕುದಿಸಿದ ನೀರು, ಅಳತೆ ಮಾಡಿದ ಪುಡಿ ಬೇರೆ ಬೇರೆ ಡಬ್ಬಿಗಳಲ್ಲಿ. ನೀರು ಅಂದ ತಕ್ಷಣ ಸೆಕ್ಯುರಿಟಿ. 2006ರಲ್ಲಿ ಬ್ರಿಟನ್‌ನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕ ಬಳಸಿ ಉಡಾಯಿಸುವ ಸಂಚು ಬಯಲಾದ ಮೇಲೆ ಬಂದ 100 ಎಂಎಲ್ ನಿಯಮ ನಮ್ಮ ಶಾಂಪೂಗೆ ಅನ್ವಯಿಸುತ್ತದೆ. ಮಗುವಿನ ಹಾಲಿಗೆ, ಅದಕ್ಕೆ ಬೇಕಾದ ನೀರಿಗೆ ಬಹಳಷ್ಟು ಕಡೆ ವಿನಾಯಿತಿ ಇದೆ, ಬಾಟಲಿ ತೆಗೆಸಿ ಪರೀಕ್ಷೆ ಮಾಡಬಹುದು ಅಷ್ಟೇ. ಆ ಫ್ಲಾಸ್ಕಿನ ಬಗ್ಗೆ ನಾನು ಇಷ್ಟು ಓದಿದ್ದೇನೆ ಅಂದರೆ ಸೆಕ್ಯುರಿಟಿಯವರು ಕೇಳಲಿ ಅಂತ ಕಾಯುತ್ತಿದ್ದೇನೆ. ನನ್ನನ್ನೇ ಕೇಳಬೇಕು.

ಇನ್ನು ಕಿವಿ. ವಿಮಾನ ಏರುವಾಗ ಹಾಲು ಕೊಡಿ ಅಂತ ಎಲ್ಲರೂ ಹೇಳುತ್ತಾರೆ, ಮಕ್ಕಳಿಗೆ ನಿಜವಾಗಿ ನೋವಾಗೋದು ಇಳಿಯುವಾಗ. ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು ಇರುತ್ತದೆ, ಇಳಿಯುವಾಗ ಅದು ಮತ್ತೆ ಏರುತ್ತಾ ಬರುತ್ತದೆ, ಕೂಸಿನ ಕಿವಿಯ ಕಿರಿದಾದ ನಾಳ ತಾನಾಗಿ ತೆರೆದುಕೊಳ್ಳಲು ಒದ್ದಾಡುತ್ತದೆ. ಚೀಪುತ್ತಾ ನುಂಗುತ್ತಾ ಇದ್ದರೆ ಸಲೀಸು. ಹಾಗಾಗಿ ಒಂದು ಬಾಟಲಿ ಇಳಿಯುವ ಹೊತ್ತಿಗೆ ಅಂತಲೇ ಎತ್ತಿಟ್ಟಿರಬೇಕು. ಇದನ್ನು ಊಟದ ಹೊತ್ತಿನಲ್ಲಿ ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಡಾಕ್ಟರ್ ನಂಗೇ ನೋಡ್ಕೊಂಡು ಹೇಳಿದ್ರಲ್ಲ, ಗೊತ್ತು" ಅಂದಳು.

ನಿನ್ನೆ ರಾತ್ರಿ ಕೈಚೀಲದ ಪರೀಕ್ಷೆ. ವಿಮಾನದಲ್ಲಿ ದೀಪ ಆರಿಸಿರುತ್ತಾರೆ, ಪಕ್ಕದವರು ಮಲಗಿರುತ್ತಾರೆ, ಒಂದು ಕೈಲಿ ಮಗು. ಇನ್ನೊಂದು ಕೈಲಿ ನೋಡದೆ ಬೇಕಾದದ್ದು ತೆಗೆಯಲು ಬರಬೇಕು, ಇಬ್ಬರಿಗೂ. ಹಾಲ್‌ನ ದೀಪ ಆರಿಸಿ, ಮಗಳ ಬದಲು ದಿಂಬು ಎತ್ತಿಕೊಂಡು ಕೂತೆವು. ನಾನು ಸಲೀಸಾಗಿ ತೆಗೆದೆ: ಡೈಪರ್, ಚಾಪೆ, ವೈಪ್ಸ್. ಅವಳ ಸರದಿ ಬಂದಾಗ ವೈಪ್ಸ್ ಸಿಗಲೇ ಇಲ್ಲ, ತಡಕಾಡಿ ತಡಕಾಡಿ ಥರ್ಮಾಮೀಟರ್ ತೆಗೆದಳು. ದೀಪ ಹಾಕಿ ನೋಡಿದರೆ ಕಾರಣ ಸರಳ. ಅವಳು ಮಗುವನ್ನು ಎಡ ಸೊಂಟಕ್ಕೆ ಹಾಕಿಕೊಳ್ಳುತ್ತಾಳೆ, ಬಲಗೈ ಖಾಲಿ. ನಾನು ಬಲಕ್ಕೆ, ಎಡಗೈ ಖಾಲಿ. ನಾನು ಇಡೀ ಚೀಲವನ್ನು ನನ್ನ ಎಡಗೈಗೆ ಹೊಂದುವಂತೆ ಜೋಡಿಸಿದ್ದೆ.

"ಬಲಗಡೆ ಜೇಬಿಗೆ ಹಾಕು" ಅಂದಳು.

"ನಂಗೆ ಎಡಗಡೆನೇ ಅನುಕೂಲ."

ಹತ್ತು ನಿಮಿಷ ಚರ್ಚೆ ನಡೆಯಿತು, ದಿಂಬು ಇಬ್ಬರ ಮಧ್ಯೆ ಬಿದ್ದಿತ್ತು. ಕೊನೆಗೆ ಎರಡೂ ಜೇಬಿಗೆ ಒಂದೊಂದು ಪ್ಯಾಕ್ ಅಂತ ತೀರ್ಮಾನವಾಯಿತು. ತೂಕದ ಯಂತ್ರದ ಮೇಲೆ ಇಟ್ಟರೆ ಚೀಲ ಮಿತಿ ದಾಟಿದೆ. ಈಗ ಏನೋ ಒಂದು ಹೊರಗೆ ಬರಬೇಕು. ಅವಳು ಪವರ್ ಬ್ಯಾಂಕ್ ತೋರಿಸುತ್ತಿದ್ದಾಳೆ, ಅದನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕುವ ಹಾಗಿಲ್ಲ ಅಂತ ನಾನು ಇನ್ನೊಮ್ಮೆ ವಿವರಿಸಬೇಕು.